ಲಿನಕ್ಸ್ ಹಾಕುವಾಗ ಎಲ್ಲಿ ನಿಂತಿತು?

ಕೇಳುಗರಿಗೆ ನಮಸ್ಕಾರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಅಲ್ಲಿಂದ ಈಚೆಗೆ ಎಷ್ಟೋ ಮನೆಗಳಲ್ಲಿ ಒಂದೇ ಚಿಂತೆ. ಲ್ಯಾಪ್‌ಟಾಪ್ ಚೆನ್ನಾಗೇ ಇದೆ, ಸ್ಕ್ರೀನ್ ಸರಿಯಿದೆ, ಕೀಬೋರ್ಡ್ ಸರಿಯಿದೆ, ಆದರೆ ವಿಂಡೋಸ್ 11 ಹಾಕಲು ಹೋದರೆ ನಿಮ್ಮ ಕಂಪ್ಯೂಟರಿಗೆ ಆಗುವುದಿಲ್ಲ ಅನ್ನುತ್ತದೆ. ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ ಅಥವಾ ಆಮೇಲಿನದು ಬೇಕು. 2016ರಲ್ಲೋ 2017ರಲ್ಲೋ ಕೊಂಡ ಯಂತ್ರಗಳು ಅಲ್ಲಿಗೇ ಹೊರಗುಳಿದವು. ಅದನ್ನು ಗುಜರಿಗೆ ಹಾಕುವ ಬದಲು, ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್ ಹಾಕಿ ನೋಡೋಣ ಅಂತ ಹೊರಟವರು ಈಗ ಜಾಸ್ತಿ. ತುಂಬಾ ಒಳ್ಳೆಯ ಯೋಚನೆ, ನಿಜವಾಗಿ ಹೇಳುತ್ತಿದ್ದೇನೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷದಿಂದ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಇದು ಬರೀ ಇಂಜಿನಿಯರುಗಳ ಸೊತ್ತಲ್ಲ.

ಆದರೆ ಹೊರಟವರಲ್ಲಿ ಬಹಳ ಜನ ಅರ್ಧದಲ್ಲೇ ಕೈಬಿಡುತ್ತಾರೆ. ಯಾಕೆ ಸಾರ್ ಅಂತ ಕೇಳಿದರೆ ಬರುವ ಉತ್ತರ ಒಂದೇ, "ಆಗ್ತಿಲ್ಲ". ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಈ "ಆಗ್ತಿಲ್ಲ"ದ ಬಗ್ಗೆಯೇ. ಲಿನಕ್ಸ್ ಹಾಕುವುದು ಒಂದೇ ಕೆಲಸ ಅಲ್ಲ. ಮೊದಲು ಪೆನ್‌ಡ್ರೈವ್ ಸರಿಯಾಗಿ ತಯಾರಾಗಬೇಕು. ಆಮೇಲೆ ಕಂಪ್ಯೂಟರ್ ಆ ಪೆನ್‌ಡ್ರೈವ್‌ನಿಂದ ಶುರುವಾಗಬೇಕು. ಆಮೇಲೆ ಅದು ಡಿಸ್ಕಿಗೆ ಇಳಿಯಬೇಕು. ಕೊನೆಗೆ ಪೆನ್‌ಡ್ರೈವ್ ತೆಗೆದ ಮೇಲೂ ತಾನೇ ಶುರುವಾಗಬೇಕು. ಎಲ್ಲಿ ನಿಂತಿತು ಅಂತ ಗೊತ್ತಾಗದೆ ಪರಿಹಾರ ಹುಡುಕಲು ಕೂತರೆ ಇಡೀ ರಾತ್ರಿ ಹೋಗುತ್ತದೆ. ಗೊತ್ತಾದರೆ ಎಷ್ಟೋ ಸಲ ಹತ್ತು ನಿಮಿಷದ ಕೆಲಸ.

ಯಾವ ಲಿನಕ್ಸ್ ಅನ್ನುವ ಚರ್ಚೆಗೆ ನಾನು ಜಾಸ್ತಿ ಸಮಯ ಕೊಡುವುದಿಲ್ಲ. ಹೊಸಬರಿಗೆ ಲಿನಕ್ಸ್ ಮಿಂಟ್ ಸಾಕು. 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ರ‍್ಯಾಮ್ ನಾಲ್ಕು ಜಿಬಿ ಇದ್ದರೆ ಅದರಲ್ಲೇ ಎಕ್ಸ್‌ಎಫ್‌ಸಿಇ ಅನ್ನುವ ಹಗುರವಾದ ಡೆಸ್ಕ್‌ಟಾಪ್ ಇರುವುದನ್ನು ತೆಗೆದುಕೊಳ್ಳಿ, ಎಂಟು ಜಿಬಿ ಇದ್ದರೆ ಸಿನಮನ್.

ಈಗ ಪೆನ್‌ಡ್ರೈವ್. ಎಂಟು ಜಿಬಿಯದು ಇರಲಿ, ಅದರಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ ಅಂತ ನೆನಪಿರಲಿ. ಇಳಿಸಿಕೊಂಡ ಐಎಸ್‌ಓ ಫೈಲನ್ನು, ಅಂದರೆ ಇಡೀ ಲಿನಕ್ಸ್ ತುಂಬಿರುವ ಒಂದೇ ಫೈಲನ್ನು, ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಅದರಿಂದ ಕಂಪ್ಯೂಟರ್ ಶುರುವಾಗುವುದಿಲ್ಲ. ರುಫಸ್ ಅಥವಾ ಎಚರ್ ಅನ್ನುವ ಪ್ರೋಗ್ರಾಂನಿಂದ ಬರೆಯಬೇಕು. ಬರೆಯುವ ಮೊದಲು ಇಳಿಸಿದ ಫೈಲು ಪೂರ್ತಿ ಬಂದಿದೆಯಾ ಅಂತ ನೋಡಿ. ಮಿಂಟ್‌ನವರ ಪುಟದಲ್ಲೇ ಚೆಕ್‌ಸಮ್ ಅಂತ ಒಂದು ಉದ್ದದ ಸಂಖ್ಯೆ ಕೊಟ್ಟಿರುತ್ತಾರೆ, ನಿಮ್ಮ ಫೈಲಿನದು ಅದಕ್ಕೆ ಹೊಂದಬೇಕು. ಇದನ್ನು ಯಾರೂ ಮಾಡುವುದಿಲ್ಲ. ಊರಲ್ಲಿ ನೆಟ್ ಹೋಗಿ ಬಂದು ಮಾಡುತ್ತಿರುವಾಗ ಇಳಿಸಿದ ಫೈಲಿನಲ್ಲಿ ಒಂದು ತುಣುಕು ಕೆಟ್ಟಿದ್ದರೂ ಇನ್‌ಸ್ಟಾಲ್ ಮುಕ್ಕಾಲು ಭಾಗ ಆದ ಮೇಲೆ ನಿಂತುಬಿಡಬಹುದು, ಆಗ ಜನ ಡಿಸ್ಕ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಮಧ್ಯದಲ್ಲಿ ಏನೇನೋ ಎರರ್ ಬಂತು ಅಂದರೆ ನಾನು ಮೊದಲು ಹೇಳುವುದು, ಇನ್ನೊಂದು ಪೆನ್‌ಡ್ರೈವ್ ತಗೊಳ್ಳಿ, ಫೈಲನ್ನು ಮತ್ತೆ ಇಳಿಸಿ.

ಪೆನ್‌ಡ್ರೈವ್ ಹಾಕಿದರೂ ನೇರ ವಿಂಡೋಸ್ ಬರುತ್ತಿದೆ ಅನ್ನುವವರಿಗೆ ಎರಡು ಮಾತು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಒಂದು ಕೀ ಒತ್ತಿದರೆ ಯಾವುದರಿಂದ ಶುರುವಾಗಬೇಕು ಅಂತ ಕೇಳುವ ಬೂಟ್ ಮೆನು ಬರುತ್ತದೆ, ಆ ಕೀ ಕಂಪನಿಯಿಂದ ಕಂಪನಿಗೆ ಬೇರೆ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್ 12, ಎಚ್‌ಪಿಯಲ್ಲಿ ಎಫ್ 9, ಏಸೂಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್ 12 ಇದೆ, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಮೊದಲು ಎಫ್ 2 ಒತ್ತಿ ಬಯಾಸ್‌ಗೆ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್ಸ್ ಪರದೆಗೆ, ಹೋಗಿ ಅದನ್ನು ಆನ್ ಮಾಡಬೇಕು. ಎರಡನೆಯದು, ವಿಂಡೋಸಿನಲ್ಲಿ ಶಟ್‌ಡೌನ್ ಮಾಡಿದರೆ ಅದು ಪೂರ್ತಿ ಆರಿರುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ, ಅರ್ಧ ನಿದ್ದೆಯಲ್ಲಿ ಇಟ್ಟಿರುತ್ತದೆ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಯ್ಕೆಗಳಲ್ಲಿ ಅದನ್ನು ತೆಗೆದುಬಿಡಿ. ತೆಗೆಯದಿದ್ದರೆ ಮುಂದೆ ಇನ್ನೊಂದು ತೊಂದರೆ ಕಾದಿರುತ್ತದೆ, ಲಿನಕ್ಸಿನಿಂದ ವಿಂಡೋಸಿನ ಡಿ ಡ್ರೈವ್ ತೆರೆದರೆ ಓದಬಹುದು, ಏನೂ ಬರೆಯಲಿಕ್ಕಾಗುವುದಿಲ್ಲ.

ಪೆನ್‌ಡ್ರೈವ್‌ನಿಂದ ಶುರುವಾಯಿತು, ಮೆನು ಬಂತು, ಆಮೇಲೆ ಬರೀ ಕಪ್ಪು ಪರದೆ. ಇದು ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಕಡೆ ಜಾಸ್ತಿ. ಗಾಬರಿಯಾಗಬೇಡಿ, ಏನೂ ಸುಟ್ಟಿಲ್ಲ. ಮಿಂಟ್‌ನ ಅದೇ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಅಂತ ಇನ್ನೊಂದು ಸಾಲು ಇರುತ್ತದೆ, ಅದನ್ನು ಆರಿಸಿ. ಉಬುಂಟು ಅನ್ನುವ ಇನ್ನೊಂದು ಲಿನಕ್ಸಿನಲ್ಲಿ ಅದಕ್ಕೆ ಸೇಫ್ ಗ್ರಾಫಿಕ್ಸ್ ಅಂತ ಹೆಸರು. ಇನ್‌ಸ್ಟಾಲ್ ಆದ ಮೇಲೂ ಮೊದಲ ಸಲ ಹಾಗೇ ಕಪ್ಪಾದರೆ, ಲಿನಕ್ಸ್ ಶುರುವಾಗುವ ಮುಂಚೆ ಬರುವ ಅದರದೇ ಮೆನುವಿನಲ್ಲಿ ಇ ಕೀ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲು ಹುಡುಕಿ, ಅದರ ಕೊನೆಗೆ ಒಂದು ಜಾಗ ಬಿಟ್ಟು ನೋಮೋಡ್‌ಸೆಟ್ ಅಂತ ಸೇರಿಸಿ. ಬರೆದುಕೊಳ್ಳಿ, ಎನ್, ಓ, ಎಂ, ಓ, ಡಿ, ಇ, ಎಸ್, ಇ, ಟಿ. ಎಲ್ಲ ಸಣ್ಣ ಅಕ್ಷರ, ಮಧ್ಯೆ ಜಾಗ ಬೇಡ. ಎಫ್ 10 ಒತ್ತಿ. ಒಳಗೆ ಹೋದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ಎನ್‌ವಿಡಿಯಾ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ಪ್ರೋಗ್ರಾಂ, ಹಾಕಿದರೆ ಆಯಿತು. ಹೀಗೆ ಸೇರಿಸಿದ್ದು ಆ ಒಂದು ಸಲಕ್ಕೆ ಮಾತ್ರ, ಆಮೇಲೆ ತಾನೇ ಹೋಗುತ್ತದೆ.

ಡೆಸ್ಕ್‌ಟಾಪ್ ಕಂಡಿತು ಅಂತ ತಕ್ಷಣ ಇನ್‌ಸ್ಟಾಲ್ ಐಕಾನ್ ಒತ್ತಬೇಡಿ. ದಯವಿಟ್ಟು ಒಂದು ಗಂಟೆ ಹಾಗೇ ಬಳಸಿ. ಇದು ಪೆನ್‌ಡ್ರೈವ್‌ನಿಂದಲೇ ನಡೆಯುತ್ತಿರುತ್ತದೆ, ನಿಮ್ಮ ಡಿಸ್ಕನ್ನು ಮುಟ್ಟಿರುವುದಿಲ್ಲ. ವೈಫೈ ಸಿಗುತ್ತಿದೆಯಾ, ಹಾಡು ಕೇಳುತ್ತಿದೆಯಾ, ಟಚ್‌ಪ್ಯಾಡ್ ನಡೆಯುತ್ತಿದೆಯಾ, ಕ್ಯಾಮೆರಾ ಬರುತ್ತಿದೆಯಾ, ಮುಚ್ಚಳ ಮುಚ್ಚಿ ತೆಗೆದರೆ ಎಚ್ಚರವಾಗುತ್ತಿದೆಯಾ, ಎಲ್ಲ ನೋಡಿ. ಇಲ್ಲಿ ಕಾಣುವ ತೊಂದರೆಯೇ ನಾಳೆಯೂ ಕಾಣುವುದು, ಇಲ್ಲಿ ಗೊತ್ತಾದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಡಿಸ್ಕಿಗೆ ಇಳಿಸುವ ಮೊದಲು ಮದುವೆ ಫೋಟೋ, ಮಕ್ಕಳ ಮಾರ್ಕ್ಸ್ ಕಾರ್ಡ್, ಜಮೀನಿನ ಪಹಣಿ ಸ್ಕ್ಯಾನ್ ಮಾಡಿಟ್ಟದ್ದು, ಎಲ್ಲ ಬೇರೆ ಡಿಸ್ಕಿಗೆ ಹೋಗಬೇಕು. ಇದರಲ್ಲಿ ವಿನಾಯಿತಿ ಇಲ್ಲ. ವಿಂಡೋಸನ್ನೂ ಉಳಿಸಿಕೊಳ್ಳುವವರು ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ, ಇದೆಯಾ ನೋಡಿ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕಿಗೆ ಬೀಗ ಬಿದ್ದಿರಬಹುದು. ಬಯಾಸ್‌ನಲ್ಲಿ ಏನಾದರೂ ಬದಲಿಸಿದ ಕೂಡಲೇ ವಿಂಡೋಸ್ 48 ಅಂಕಿಗಳ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ, ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಇನ್‌ಸ್ಟಾಲರಿನಲ್ಲಿ ಡಿಸ್ಕೇ ಕಾಣುತ್ತಿಲ್ಲ ಅನ್ನುವ ದೂರು ಈಗ ಜಾಸ್ತಿಯಾಗಿದೆ. ಎಷ್ಟೋ ಸಲ ಡಿಸ್ಕ್ ಹಾಳಾಗಿರುವುದಿಲ್ಲ. ಬಯಾಸ್‌ನಲ್ಲಿ ಅದನ್ನು ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಅನ್ನುವ ವ್ಯವಸ್ಥೆಗೆ ಒಪ್ಪಿಸಿರುತ್ತಾರೆ. ಅದನ್ನು ಎಎಚ್‌ಸಿಐ ಅನ್ನುವ ಸಾಮಾನ್ಯ ವಿಧಾನಕ್ಕೆ ಬದಲಿಸಬೇಕು. ಆದರೆ ಸುಮ್ನೆ ಬದಲಿಸಿದರೆ ಹಳೆಯ ವಿಂಡೋಸ್ ಏಳುವುದಿಲ್ಲ. ವಿಂಡೋಸ್ ಬೇಕು ಅನ್ನುವವರು ಮೊದಲು ವಿಂಡೋಸಿನಲ್ಲೇ ಇರುವ ಎಂಎಸ್‌ಕಾನ್ಫಿಗ್ ಅನ್ನುವ ಪ್ರೋಗ್ರಾಂ ತೆರೆದು ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಕೊಟ್ಟು ನೇರ ಬಯಾಸ್‌ಗೆ ಹೋಗಿ ಬದಲಿಸಿ, ವಿಂಡೋಸ್ ಒಂದು ಸಲ ಸೇಫ್ ಮೋಡಿನಲ್ಲಿ ಎದ್ದ ಮೇಲೆ ಆ ಟಿಕ್ ತೆಗೆಯಬೇಕು.

ಲಿನಕ್ಸಿಗೆ ಜಾಗ ಮಾಡುವಾಗ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಪಾರ್ಟಿಷನ್, ಅಂದರೆ ಡಿಸ್ಕಿನ ಭಾಗ, ಚಿಕ್ಕದು ಮಾಡಿ 50 ಜಿಬಿ ಖಾಲಿ ಬಿಡಿ. ಇನ್‌ಸ್ಟಾಲರಿನಲ್ಲಿ ಎರೇಸ್ ಡಿಸ್ಕ್ ಅಂದರೆ ಇಡೀ ಡಿಸ್ಕ್ ಅಂತಲೇ ಅರ್ಥ, ಸಿ ಡ್ರೈವ್ ಮಾತ್ರ ಅಲ್ಲ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿರಲಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೂರಬೇಡಿ, ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಿಕ್ಕಾಗುವುದಿಲ್ಲ ಅಲ್ವಾ.

ಇನ್ನು ಒಂದು ನೀಲಿ ಪರದೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಲ್ಲಿ ಎಡವುವವರು ತುಂಬಾ. ಸೆಕ್ಯೂರ್ ಬೂಟ್, ಅಂದರೆ ಗುರುತಿಲ್ಲದ ಪ್ರೋಗ್ರಾಂನಿಂದ ಕಂಪ್ಯೂಟರ್ ಶುರುವಾಗದಂತೆ ತಡೆಯುವ ಬಯಾಸ್ ವ್ಯವಸ್ಥೆ, ಆನ್ ಇದ್ದಾಗ, ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಏನೋ ಒಂದು ಕೊಟ್ಟು ಮುಂದೆ ಹೋಗಿರುತ್ತೀರಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು, ಎಂಓಕೆ, ಅಂದರೆ ಯಂತ್ರದ ಮಾಲೀಕರ ಗುರುತಿನ ಕೀ, ಅದರ ಮ್ಯಾನೇಜ್‌ಮೆಂಟ್ ಮಾಡಲು ಯಾವುದಾದರೂ ಕೀ ಒತ್ತಿ ಅನ್ನುತ್ತದೆ. ಕೊಡುವುದು ಹತ್ತೇ ಸೆಕೆಂಡ್. ಒತ್ತಿದರೆ ಒಂದು ಪಟ್ಟಿ. ಮೊದಲನೇ ಸಾಲು ಕಂಟಿನ್ಯೂ ಬೂಟ್, ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ. ಬೇಡ. ಎರಡನೇ ಸಾಲು, ಎನ್‌ರೋಲ್ ಎಂಓಕೆ. ಅದನ್ನು ಆರಿಸಿ, ಆಮೇಲೆ ಕಂಟಿನ್ಯೂ, ಆಮೇಲೆ ಯೆಸ್, ಆಗ ಅದೇ ಪಾಸ್‌ವರ್ಡ್. ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಆದರೂ ಅದು ತೆಗೆದುಕೊಳ್ಳುತ್ತಿರುತ್ತದೆ. ಇದು ತಪ್ಪಿಹೋದರೆ ಎನ್‌ವಿಡಿಯಾ ಡ್ರೈವರ್, ಕೆಲವು ವೈಫೈ ಡ್ರೈವರ್ ಹಾಕಿದ್ದರೂ ಕೆಲಸ ಮಾಡುವುದಿಲ್ಲ, ಯಾಕೆ ಅಂತ ಎಲ್ಲೂ ಎದ್ದು ಕಾಣುವುದೂ ಇಲ್ಲ. ಸರಿಮಾಡುವ ಸುಲಭ ದಾರಿ ಅಂದರೆ ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡುವುದು. ಬಿಟ್‌ಲಾಕರ್ ಕೀ ಕೈಯಲ್ಲಿರಲಿ ಅಂದದ್ದು ಇದಕ್ಕೇ.

ಎಲ್ಲ ಮುಗಿದು ಪೆನ್‌ಡ್ರೈವ್ ತೆಗೆದರೆ ಮತ್ತೆ ವಿಂಡೋಸೇ ಬಂತಾ? ಲಿನಕ್ಸ್ ಅಳಿಸಿಹೋಗಿಲ್ಲ. ಬಯಾಸ್‌ನ ಬೂಟ್ ಆರ್ಡರಿನಲ್ಲಿ ಉಬುಂಟು ಅನ್ನುವ ಹೆಸರನ್ನು ಮೇಲಕ್ಕೆ ತನ್ನಿ. ಮಿಂಟ್ ಹಾಕಿದ್ದರೂ ಅಲ್ಲಿ ಹೆಸರು ಉಬುಂಟು ಅಂತಲೇ ಇರುತ್ತದೆ.

ವೈಫೈ ಇಲ್ಲ, ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್‌ಗೆ ವೈಫೈ ಬೇಕು ಅಂತ ಸುತ್ತಿಕೊಂಡವರಿಗೆ, ನಿಮ್ಮ ಆಂಡ್ರಾಯ್ಡ್ ಫೋನಿದೆಯಲ್ಲ. ಚಾರ್ಜಿಂಗ್ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಬೇರೇನೂ ಮಾಡದೆ ನೆಟ್ ಬರುತ್ತದೆ. ಆಗ ಡ್ರೈವರ್ ಮ್ಯಾನೇಜರ್ ತೆರೆಯಿರಿ.

ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪು ತೋರಿಸುತ್ತಿದ್ದರೆ ಬ್ಯಾಟರಿ ಬದಲಿಸಲು ಅಂಗಡಿಗೆ ಹೋಗಬೇಡಿ. ಮದರ್‌ಬೋರ್ಡಿನ ಗಡಿಯಾರವನ್ನು ವಿಂಡೋಸ್ ಭಾರತದ ಸಮಯ ಅಂದುಕೊಳ್ಳುತ್ತದೆ, ಲಿನಕ್ಸ್ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ, ಅಂದುಕೊಳ್ಳುತ್ತದೆ. ನಡುವಿನ ವ್ಯತ್ಯಾಸವೇ 5 ಗಂಟೆ 30 ನಿಮಿಷ. ಲಿನಕ್ಸಿನಲ್ಲಿ ಆಜ್ಞೆ ಟೈಪ್ ಮಾಡುವ ಟರ್ಮಿನಲ್ ತೆರೆದು ಟೈಮ್‌ಡೇಟ್‌ಸಿಟಿಎಲ್, ಒಂದು ಜಾಗ, ಸೆಟ್ ಅಡ್ಡಗೆರೆ ಲೋಕಲ್ ಅಡ್ಡಗೆರೆ ಆರ್‌ಟಿಸಿ, ಮತ್ತೊಂದು ಜಾಗ, 1 ಅಂತ ಕೊಟ್ಟರೆ ಎರಡೂ ಒಂದೇ ಸಮಯ ಹೇಳುತ್ತವೆ.

ಕರೆಂಟ್ ಹೋಗಿ ಬಂದ ಮೇಲೆ ಕಪ್ಪು ಪರದೆಯಲ್ಲಿ ಇನಿಟ್‌ರ‍್ಯಾಮ್‌ಎಫ್‌ಎಸ್ ಅಂತ ಬಂದು ನಿಲ್ಲುವುದುಂಟು. ಇದನ್ನು ನೋಡಿ ಫಾರ್ಮ್ಯಾಟ್ ಮಾಡಿಸಿದವರು ಇದ್ದಾರೆ, ಅದು ನನಗೆ ನಿಜಕ್ಕೂ ಸಂಕಟದ ವಿಷಯ. ಆ ಪರದೆಯನ್ನು ಓದಿ. ಮೇಲಿನ ಸಾಲುಗಳಲ್ಲೇ ಎಫ್‌ಎಸ್‌ಸಿಕೆಯನ್ನು, ಅಂದರೆ ಡಿಸ್ಕಿನ ತಪ್ಪು ಹುಡುಕಿ ಸರಿಮಾಡುವ ಪ್ರೋಗ್ರಾಂ ಅನ್ನು, ಕೈಯಿಂದ ನಡೆಸಿ ಅಂತ ಬರೆದಿರುತ್ತದೆ, ಯಾವ ಪಾರ್ಟಿಷನ್ ಅಂತಲೂ ಇರುತ್ತದೆ, ಎಸ್‌ಡಿಎ2 ಅಂತ ಇಟ್ಟುಕೊಳ್ಳಿ. ಎಫ್‌ಎಸ್‌ಸಿಕೆ, ಜಾಗ, ಅಡ್ಡಗೆರೆ ವೈ, ಜಾಗ, ಓರೆಗೆರೆ ಡೆವ್ ಓರೆಗೆರೆ ಎಸ್‌ಡಿಎ2, ಎಂಟರ್. ಅದು ಮುಗಿದ ಮೇಲೆ ಎಕ್ಸಿಟ್ ಅಂತ ಕೊಡಿ. ಡಿಸ್ಕೇ ಹಾಳಾಗಿರದಿದ್ದರೆ ಸಾಮಾನ್ಯವಾಗಿ ಎಲ್ಲ ಮೊದಲಿನಂತೆ ಬರುತ್ತದೆ.

ಕನ್ನಡ ಓದಲು ಏನೂ ತೊಂದರೆ ಇಲ್ಲ. ಟೈಪ್ ಮಾಡಲು, ನುಡಿ ತಂತ್ರಾಂಶ ರೂಢಿಯಿರುವ ಬೆರಳುಗಳಿಗೆ ಐಬಸ್ ಎಂ17ಎನ್ ಅನ್ನುವ ಟೈಪಿಂಗ್ ಪ್ರೋಗ್ರಾಂ ಹಾಕಿಕೊಂಡು ಅದರಲ್ಲಿ ಕನ್ನಡ ಕೆಜಿಪಿ ಆರಿಸಿ, ಕೆ. ಪಿ. ರಾವ್ ಅವರು ರೂಪಿಸಿದ ಅದೇ ಕೀಲಿಮಣೆ. ಹಾಕಿದ ಮೇಲೆ ಒಂದು ಸಲ ಲಾಗ್‌ಔಟ್ ಆಗಿ ಬನ್ನಿ, ಇಲ್ಲದಿದ್ದರೆ ಪಟ್ಟಿಯಲ್ಲಿ ಕಾಣುವುದಿಲ್ಲ. ಹಳೆಯ ನುಡಿ ಫೈಲು ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೊಂದಲ ಕಂಡರೆ ಫೈಲು ಕೆಟ್ಟಿಲ್ಲ, ಅದು ಯುನಿಕೋಡ್ ಅಲ್ಲ ಅಷ್ಟೇ, ಪರಿವರ್ತಿಸಿಕೊಳ್ಳಬೇಕು.

ಟ್ಯಾಲಿಯಲ್ಲೇ ಲೆಕ್ಕ ಬರೆಯುವವರು ವಿಂಡೋಸನ್ನು ತೆಗೆಯಬೇಡಿ, ಎರಡನ್ನೂ ಇಟ್ಟುಕೊಳ್ಳಿ. ಪ್ರಿಂಟರ್ ವಿಷಯದಲ್ಲಿ, ಎಚ್‌ಪಿ ಲೇಸರ್‌ಜೆಟ್ 1020 ಇದ್ದರೆ ಎಚ್‌ಪಿಲಿಪ್ ಅನ್ನುವ ಎಚ್‌ಪಿ ಪ್ರಿಂಟರ್ ಡ್ರೈವರ್ ಜೊತೆ ಅದರ ಪ್ಲಗಿನ್ ಕೂಡ ಹಾಕಬೇಕು, ಇಲ್ಲದಿದ್ದರೆ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಕಾಗದ ಮಾತ್ರ ಬರುವುದಿಲ್ಲ. ಕ್ಯಾನನ್ ಎಲ್‌ಬಿಪಿ 2900 ಸ್ವಲ್ಪ ಹಟಮಾರಿ. ಅದು ನಿಮ್ಮ ದಿನದ ಕೆಲಸಕ್ಕೆ ಬೇಕೇ ಬೇಕು ಅಂದರೆ ಮೊದಲೇ ಯೋಚಿಸಿ.

ಇಷ್ಟಾಗಿಯೂ ಸಿಕ್ಕಿಕೊಂಡರೆ ಕೇಳಿ, ಸಂಕೋಚ ಬೇಡ. ಕೇಳುವಾಗ ಕಂಪ್ಯೂಟರಿನ ಮಾಡೆಲ್ ಹೇಳಿ, ಯಾವ ಲಿನಕ್ಸ್, ಯಾವ ಆವೃತ್ತಿ ಅಂತ ಹೇಳಿ, ಎಲ್ಲಿಯವರೆಗೆ ಬಂತು, ಪರದೆಯ ಮೇಲೆ ಏನು ಬರೆದಿತ್ತು ಅಂತ ಫೋನಿನಲ್ಲಿ ಫೋಟೋ ತೆಗೆದು ತೋರಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಟ್ಟುಕೊಳ್ಳಿ. ಮತ್ತೆ ಗೊತ್ತಿರುವವರಿಗೂ ಒಂದು ಮಾತು. ಹೊಸಬರು ಕೇಳಿದಾಗ ಮೊದಲು ಓದಿಕೊಂಡು ಬನ್ನಿ ಅಂತ ಗದರಬೇಡಿ. ಹೀಗೆ ಗದರಿಸಿಕೊಂಡವರು ಆ ವಾರವೇ ಕಂಪ್ಯೂಟರನ್ನು ಮಾರಿಬಿಡುತ್ತಾರೆ. ಪಕ್ಕದಲ್ಲಿ ಕೂತು ಆ ಪರದೆಯನ್ನು ಅವರಿಂದಲೇ ಜೋರಾಗಿ ಓದಿಸಿ.

ನಮಸ್ಕಾರ.