ಕೋವಿ ಮಾರುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಅಪ್ಪನ ತಿಥಿ ಮುಗಿದ ಸಂಜೆ. ಮಳೆ ಹಿಡಿದಿತ್ತು. ನೆಂಟರೆಲ್ಲ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಚಿಕ್ಕಪ್ಪ ಗೋಡೆಯ ಕಡೆ ನೋಡಿ, “ಆ ಕೋವಿ ಇಟ್ಕೊಂಡು ನೀನೇನ್ ಮಾಡ್ತೀಯ? ನಂಗೆ ಕೊಡು. ನಮ್ಮ ಕಡೆ ಹಂದಿ ಕಾಟ ಜಾಸ್ತಿ. ಬೇಕಾದ್ರೆ ದುಡ್ಡು ಕೊಡ್ತೀನಿ” ಅಂದರು. ಅಪ್ಪನ ಸ್ವಂತ ತಮ್ಮ. ಇಲ್ಲ ಅನ್ನುವುದು ಹೇಗೆ? ಎದ್ದು ಗೂಟದ ಮೇಲಿದ್ದ ಕೋವಿಗೆ ಕೈ ಚಾಚಿಯೇ ಬಿಟ್ಟೆ.

ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದ ನಮ್ಮ ಭಾವ ಒಬ್ಬರು ಮೂಲೆಯಲ್ಲಿ ಎಲೆಅಡಿಕೆ ಹಾಕುತ್ತಿದ್ದರು. “ತಡಿ” ಅಂದರು. “ಅವರ ಹತ್ರ ಲೈಸೆನ್ಸ್ ಇದೆಯಾ?” ಚಿಕ್ಕಪ್ಪನ ಹತ್ತಿರ ಇರಲಿಲ್ಲ. “ನಿನ್ ಹತ್ರ?” ನನ್ನ ಹತ್ತಿರವೂ ಇರಲಿಲ್ಲ. “ಹಂಗಾದ್ರೆ ಅದನ್ನ ಯಾರೂ ಯಾರಿಗೂ ಕೊಡೋ ಹಂಗಿಲ್ಲ. ಮೊದ್ಲು ಕಾಗದ ಹೋಗ್ಬೇಕು, ಆಮೇಲೆ ಕೋವಿ.”

ಚಿಕ್ಕಪ್ಪ ಮುಖ ಊದಿಸಿಕೊಂಡರು. ಮೂರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೆ ಭಾವ ಹೇಳಿದ್ದೇ ಸರಿ. ಜಮೀನಾದರೆ ಪೌತಿ ಖಾತೆ ಅಂತ ಒಂದಿದೆ, ಅಪ್ಪನ ಹೆಸರು ಹೋಗಿ ಮಗನ ಹೆಸರು ಬರುತ್ತದೆ. ಕೋವಿ ಲೈಸೆನ್ಸಿಗೆ ಪೌತಿ ಖಾತೆ ಇಲ್ಲ. ಅದು ಅಪ್ಪನ ಹೆಸರಿಗೆ ಕೊಟ್ಟದ್ದು, ಅಪ್ಪನ ಜೊತೆಗೇ ಮುಗಿಯಿತು. ಕೋವಿ ಮಾತ್ರ ನಮ್ಮ ಆಸ್ತಿಯಾಗಿ ಉಳಿಯಿತು. ಹಾಗಂತ ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ನಮಗಿರಲಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅಜ್ಜ ಸತ್ತು ಹತ್ತು ವರ್ಷ ಆಗಿರುತ್ತದೆ, ಅಜ್ಜನ ಕೋವಿ ಅಟ್ಟದ ಮೇಲೆ ಗೋಣಿಚೀಲದಲ್ಲಿ ಮಲಗಿರುತ್ತದೆ.

1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್ ಇಂಥದ್ದಕ್ಕೇ ಇರುವುದು. ಲೈಸೆನ್ಸ್ ಇದ್ದವರು ತೀರಿಕೊಂಡರೆ, ಅಥವಾ ಲೈಸೆನ್ಸ್ ಅವಧಿ ಮುಗಿದರೆ, ತಡ ಮಾಡದೆ ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಡಬೇಕು. ಠೇವಣಿ ಇಟ್ಟ ಮಾತ್ರಕ್ಕೆ ಅದು ಸರ್ಕಾರದ ಪಾಲಾಗುವುದಿಲ್ಲ. ಅಲ್ಲಿ ಇಟ್ಟುಕೊಂಡೇ ಅರ್ಹರಿಗೆ ಮಾರಬಹುದು, ದುಡ್ಡು ನಮಗೇ ಬರುತ್ತದೆ. ಆದರೆ ಗೊತ್ತುಮಾಡಿದ ಅವಧಿಯೊಳಗೆ ಮಾರುವುದೋ ನಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿ ಬಿಡಿಸಿಕೊಳ್ಳುವುದೋ ಮಾಡದಿದ್ದರೆ ಆಗ ಸರ್ಕಾರದ್ದಾಗುತ್ತದೆ.

ಅಪ್ಪ ಇರುವಾಗಲೇ ಇದನ್ನು ಸುಲಭ ಮಾಡಬಹುದಿತ್ತು. 2016ರ ಆಯುಧ ನಿಯಮಗಳಲ್ಲಿ ಒಂದು ಒಳ್ಳೆಯ ದಾರಿ ಇದೆ. ಲೈಸೆನ್ಸ್ ಇದ್ದವರಿಗೆ 70 ವರ್ಷ ತುಂಬಿದರೆ, ಅಥವಾ ಆ ಕೋವಿ ಅವರ ಬಳಿ 25 ವರ್ಷ ಇದ್ದರೆ, ಯಾವುದು ಮೊದಲೋ ಅದು, ತಾವು ಹೇಳಿದ ವಾರಸುದಾರರಿಗೆ ಆ ಕೋವಿಗಾಗಿ ಲೈಸೆನ್ಸ್ ಕೊಡಿ ಎಂದು ಕೇಳಬಹುದು. ಅಪ್ಪನಿಗೆ ಎಪ್ಪತ್ತೂ ದಾಟಿತ್ತು, ಇಪ್ಪತ್ತೈದೂ ದಾಟಿತ್ತು. “ಮುಂದಿನ ವರ್ಷ ನೋಡೋಣ” ಅನ್ನುತ್ತಲೇ ಹೋದರು. ನಮ್ಮ ಮನೆಯಲ್ಲಿ ಪ್ರತಿಯೊಂದೂ ಹಾಗೇ ಬಿಡಿ.

ಮಾರನೇ ದಿನ ಭಾವನೇ ಕೋವಿ ಇಳಿಸಿದರು. ಅದು ಒಂಟಿ ನಳಿಗೆಯ ತೋಟೆ ಕೋವಿ, ಅಂದರೆ ಕಾರ್ಟ್ರಿಜ್ ಹಾಕುವಂಥದ್ದು, ನಳಿಗೆಯ ಅಳತೆ 12 ಬೋರು. ಅವರು ಅದನ್ನು ಹಿಡಿದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಮಕ್ಕಳನ್ನು ಒಳಗೆ ಕಳಿಸಿದರು. ನಳಿಗೆಯ ಬಾಯಿಯನ್ನು ಅಂಗಳದ ಮಣ್ಣಿನ ಕಡೆಗೆ ತಿರುಗಿಸಿದರು. ಬೆರಳು ಟ್ರಿಗರ್ ಹತ್ತಿರವೂ ಹೋಗಲಿಲ್ಲ. ಹೆಬ್ಬೆರಳಲ್ಲಿ ಲಿವರ್ ಒತ್ತಿ ಕೋವಿ ಮಡಚಿದರು. ಒಳಗೆ ತೋಟೆ ಇತ್ತು! ಹಿತ್ತಾಳೆಯ ಬುಡ ಹಸಿರುಗಟ್ಟಿ, ನಳಿಗೆಗೆ ಅಂಟಿಕೊಂಡಿತ್ತು. ಅಪ್ಪ ಯಾವ ರಾತ್ರಿ ಹಂದಿಗೆ ಹೆದರಿಸಲು ತುಂಬಿಸಿ ಮರೆತಿದ್ದರೋ. ಅದರ ಕೆಳಗೇ ನನ್ನ ಮಗಳು ಕೂತು ಹೋಂವರ್ಕ್ ಮಾಡುತ್ತಿದ್ದಳು. ಹಿಂದಿನ ಸಂಜೆ ನಾನು ಕೈ ಚಾಚಿದ್ದು ನೆನೆದು ಬೆನ್ನು ತಣ್ಣಗಾಯಿತು.

ಭಾವ ತೋಟೆಯನ್ನು ಮೆಲ್ಲಗೆ ಉಗುರಿನಿಂದ ಎತ್ತಿ ತೆಗೆದರು. ಆಮೇಲೆ ನಳಿಗೆಯನ್ನು ಆಕಾಶಕ್ಕೆ ಹಿಡಿದು ಹಿಂದಿನಿಂದ ನೋಡಿದರು. “ಬೆಳಕು ಉಂಗುರದ ಹಾಗೆ ಕಾಣ್ಬೇಕು. ಕಂಡ್ರೆ ಖಾಲಿ” ಅಂದರು. ನನಗೂ ತೋರಿಸಿದರು. ಒಳಗೊಂದು ಜೇಡರ ಬಲೆ ಬಿಟ್ಟರೆ ಏನೂ ಇರಲಿಲ್ಲ.

ಇದು ಮಡಚುವ ಕೋವಿಯ ಮಾತು. ನಮ್ಮ ಕಡೆ ಮದ್ದಿಗೆ ಕಿಡಿ ಕೊಡಲು ಕೇಪು ಅನ್ನುವ ಪುಟ್ಟ ಲೋಹದ ಟೋಪಿ ಇಡುವ ಹಳೇ ಕೇಪಿನ ಕೋವಿಗಳೂ ಇವೆ. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಗಜ ಅನ್ನುವ ಉದ್ದ ಕಡ್ಡಿಯಲ್ಲಿ ಜಡಿದು ಈಡು ತುಂಬುವಂಥವು. ಅವನ್ನು ಮಡಚಿ ನೋಡಲು ಬರುವುದಿಲ್ಲ. ಅದಕ್ಕೆ ಹಳಬರು ಮಾಡುವುದು ಹೀಗೆ. ಮೊದಲು ಕೇಪು ತೆಗೆದಿದೆಯಾ ಅಂತ ನೋಡುತ್ತಾರೆ. ಆಮೇಲೆ ಬಾಯಿಯ ಮುಂದೆ ಮುಖವೂ ಅಂಗೈಯೂ ಬಾರದ ಹಾಗೆ ಪಕ್ಕಕ್ಕೆ ನಿಂತು, ಗಜವನ್ನು ನಳಿಗೆಯೊಳಗೆ ನಿಧಾನಕ್ಕೆ ಬಿಡುತ್ತಾರೆ. ಬಾಯಿಯ ಅಂಚಿಗೆ ಸರಿಯಾಗಿ ಗಜದ ಮೇಲೆ ಗುರುತು ಮಾಡುತ್ತಾರೆ. ಹೊರಗೆ ತೆಗೆದು ಅದೇ ಗಜವನ್ನು ನಳಿಗೆಯ ಹೊರಮೈಗೆ ಹಿಡಿದು ಅಳೆಯುತ್ತಾರೆ. ಕೇಪು ಕೂರುವ ಜಾಗದವರೆಗೆ ಮುಟ್ಟಿದರೆ ಖಾಲಿ. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಹಳೇ ಮದ್ದು ವರ್ಷ ಕಳೆದ ಮಾತ್ರಕ್ಕೆ ಸಾಯುವುದಿಲ್ಲ. ಇದೆ ಅಂತ ಗೊತ್ತಾದರೆ ಕೆದಕಬೇಡಿ, ಬಾಯಿ ಜನ ಇಲ್ಲದ ಕಡೆಗಿರುವಂತೆ ಇಟ್ಟು ಠಾಣೆಗೋ ಕೋವಿ ರಿಪೇರಿ ಗೊತ್ತಿರುವ ಅಂಗಡಿಗೋ ಹೇಳಿ ಕಳಿಸಿ.

ನಾವು ಪೊಲೀಸರಿಗೆ ವಿಷಯ ತಿಳಿಸಿ ಕೋವಿಯನ್ನು ಪೇಟೆಯ ಅಂಗಡಿಯಲ್ಲಿ ಠೇವಣಿ ಇಟ್ಟೆವು. ಠಾಣೆಯಲ್ಲೂ ಇಡಬಹುದಿತ್ತು. ಆದರೆ ಚುನಾವಣೆ ಬಂದಾಗಲೆಲ್ಲ ಅಪ್ಪ ಠಾಣೆಯಲ್ಲಿ ಇಟ್ಟು ಬಂದ ಕೋವಿ ತುಕ್ಕು ಹಿಡಿದು ವಾಪಸ್ ಬರುತ್ತಿತ್ತು. ಒಂದು ಕೋಣೆಯಲ್ಲಿ ನೂರಾರು ಕೋವಿ ಒರಗಿಸಿಟ್ಟರೆ ಪಾಪ, ಅವರಾದರೂ ಯಾವುದಕ್ಕೆ ಎಣ್ಣೆ ಹಾಕಿಯಾರು? ಅಂಗಡಿಯವರು ದಿನಕ್ಕೆ ಇಷ್ಟು ಅಂತ ಬಾಡಿಗೆ ತೆಗೆದುಕೊಂಡರು, ಆದರೆ ಎಣ್ಣೆ ಹಚ್ಚಿದರು. ರಸೀದಿಯಲ್ಲಿ ಕೋವಿಯ ನಂಬರು, ಕಂಪನಿಯ ಹೆಸರು, ಉಳಿದ ತೋಟೆ ಎಷ್ಟು ಎಲ್ಲ ಬರೆಸಿಕೊಂಡೆ. ಆ ನಂಬರು ಮುಖ್ಯ. ತಯಾರಕರ ಹೆಸರು, ನಂಬರು ಅಳಿಸುವುದೂ ಅಪರಾಧ, ಅಳಿಸಿದ ಕೋವಿಯನ್ನು ಮಾರುವುದೂ ಅಪರಾಧ. ಅಂಥದ್ದು ನಮ್ಮ ಬಳಿ ಇದ್ದರೆ, ಅಲ್ಲ ಅಂತ ನಾವು ತೋರಿಸುವವರೆಗೆ, ಅಳಿಸಿದವರು ನಾವೇ ಅಂತ ಕಾನೂನು ಎಣಿಸುತ್ತದೆ. ತುಕ್ಕು ತೆಗೆಯಲು ಮರಳು ಕಾಗದ ಹಾಕಿ ಉಜ್ಜುವವರು ನಂಬರಿನ ಜಾಗ ಬಿಟ್ಟು ಉಜ್ಜಿ.

ಕೊಳ್ಳುವವನು ಹುಡುಕದೇ ಸಿಕ್ಕಿದ. ಪಕ್ಕದ ತೋಟದ ಹುಡುಗ. ಹುಡುಗ ಅಂದರೆ ಮೂವತ್ತೆರಡು. “ಅಣ್ಣಾ, ನಂಗೆ ಹೊಸ್ದಾಗಿ ಲೈಸೆನ್ಸ್ ಆಗಿದೆ, ಕೋವಿ ಇನ್ನೂ ತಗೊಂಡಿಲ್ಲ” ಎಂದ. ಲೈಸೆನ್ಸ್ ಪುಸ್ತಕ ತಾ ಅಂದೆ. ಬೇಜಾರು ಮಾಡಿಕೊಂಡನೋ ಏನೋ, ತಂದ. ನೋಡಬೇಕಾದ್ದು ಇಷ್ಟೇ. ಹೆಸರು, ಫೋಟೊ ಅವನದ್ದೇನಾ? ಅವಧಿ ಇದೆಯಾ? ಈಗ ಲೈಸೆನ್ಸ್ 5 ವರ್ಷಕ್ಕೆ ಕೊಡುತ್ತಾರೆ, ಹಿಂದೆ 3 ವರ್ಷ ಇತ್ತು. ಯಾವ ಬಗೆಯ ಕೋವಿಗೆ ಒಪ್ಪಿಗೆ ಇದೆ? ಈಗಾಗಲೇ ಎಷ್ಟು ಕೋವಿ ಇವೆ? 2019ರ ತಿದ್ದುಪಡಿ ಆದಮೇಲೆ ಸಾಮಾನ್ಯರಿಗೆ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ. ಮೊದಲು ಮೂರು ಇತ್ತು. ವಂಶದಿಂದ ಬಂದ ಕೋವಿಯೂ ಆ ಎರಡರ ಲೆಕ್ಕದಲ್ಲೇ ಸೇರುತ್ತದೆ. ಅಸಲು ಪುಸ್ತಕ ತೋರಿಸದೆ ಮೊಬೈಲಿನಲ್ಲಿ ಫೋಟೊ ತೋರಿಸುವವನಿಗೆ, “ನಾಳೆ ಕೊಡ್ತೀನಿ, ಈಗ ಕೋವಿ ಕೊಡಿ” ಅನ್ನುವವನಿಗೆ ದೂರದಿಂದಲೇ ನಮಸ್ಕಾರ. ವಾಟ್ಸಾಪಿನಲ್ಲಿ ಫೋಟೊ ಹಾಕಿ ‘ಕೋವಿ ಮಾರಾಟಕ್ಕಿದೆ’ ಅಂತ ಗುಂಪಿಗೆಲ್ಲ ಕಳಿಸುವುದೂ ಬೇಡ. ಮನೆಯಲ್ಲಿ ಕೋವಿ ಇದೆ ಅಂತ ಕಳ್ಳನಿಗೆ ನಾವೇ ಹೇಳಿದ ಹಾಗೆ.

ಇಲ್ಲಿ ನನ್ನ ಕೊಡಗಿನ ಗೆಳೆಯನ ಮಾತು ಬರುತ್ತದೆ. “ನಮ್ಗೆ ಲೈಸೆನ್ಸೇ ಬೇಡ ಮಾರಾಯಾ” ಅಂತ ಅವನು ಹೆಮ್ಮೆಯಿಂದ ಹೇಳುತ್ತಾನೆ. ನಿಜ. ಕೊಡವರಿಗೂ, ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಹೋದರೆ ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡಬೇಕು. ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಹೂವು ಅದು. ಆದರೆ ವಿನಾಯಿತಿ ಇರುವುದು ಮನುಷ್ಯನಿಗೆ, ಕೋವಿಗಲ್ಲ. ಅವನ ಕೋವಿಯನ್ನು ನನ್ನಂಥ ಲೈಸೆನ್ಸ್ ಇಲ್ಲದವನಿಗೆ ಕೊಟ್ಟರೆ ಇಬ್ಬರೂ ಸಿಕ್ಕಿಬೀಳುತ್ತೇವೆ.

ಈಗ ಕಾಗದ. ನಿಮ್ಮದೇ ಲೈಸೆನ್ಸಿನ ಕೋವಿ ಮಾರುವುದಾದರೆ, ನೀವು ಅಂಗಡಿ ಇಟ್ಟವರಲ್ಲದಿದ್ದರೂ, ಸ್ವಂತಕ್ಕೆ ಇಟ್ಟುಕೊಂಡದ್ದನ್ನು ಅರ್ಹನಿಗೆ ಮಾರಬಹುದು ಎಂದು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಜೊತೆಗೆ ಎರಡು ಷರತ್ತು. ಒಂದು, ಮಾರುವ ಉದ್ದೇಶವನ್ನೂ ಕೊಳ್ಳುವವರ ಹೆಸರು, ವಿಳಾಸವನ್ನೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ಡಿಸಿಗೆ, ಅಥವಾ ಹತ್ತಿರದ ಠಾಣೆಯ ಅಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಎರಡು, ತಿಳಿಸಿದ ಮೇಲೆ 45 ದಿನ ಕಳೆಯಬೇಕು. ಹೋಗಿ ಕೇಳಿದರೆ ಸಾಲದು, ಬಾಯಿಮಾತಿಗೆ ಲೆಕ್ಕವಿಲ್ಲ. ಅರ್ಜಿಯನ್ನು ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸೀಲು ಹಾಕಿಸಿಕೊಳ್ಳಿ. 45 ದಿನದ ಎಣಿಕೆಗೆ ಆ ಸೀಲೇ ಸಾಕ್ಷಿ. ಬೆಂಗಳೂರಿನಂಥ ಊರಲ್ಲಿ ಡಿಸಿ ಬದಲು ಪೊಲೀಸ್ ಕಮಿಷನರ್ ಕಚೇರಿ.

ನಮ್ಮ ವಿಷಯದಲ್ಲಿ ಅಪ್ಪನ ಮರಣ ಪತ್ರ, ವಂಶವೃಕ್ಷ, ಅವ್ವನದ್ದೂ ತಂಗಿಯದ್ದೂ ಒಪ್ಪಿಗೆ ಪತ್ರ, ಇವೆಲ್ಲ ಸೇರಿದವು. ತಂಗಿ ಬೆಂಗಳೂರಿನಿಂದ ಸಹಿ ಮಾಡಿ ಕಳಿಸುವಾಗ, “ಕೋವಿಯಲ್ಲೂ ನಂಗೆ ಪಾಲು ಇತ್ತಾ?” ಎಂದು ನಕ್ಕಳು. ಇತ್ತು. ಕೊಟ್ಟೆ.

45 ದಿನ ಸುಮ್ನೆ ಕಾಯುವುದು ಯಾಕೆ ಅಂತ ಆ ಹುಡುಗ ಚಡಪಡಿಸುತ್ತಿದ್ದ. ಹಂದಿಗಳಿಗೆ ಕಾನೂನು ಗೊತ್ತಿಲ್ಲವಲ್ಲ, ಅವು ಬಂದೇ ಬರುತ್ತಿದ್ದವು. “ಅಣ್ಣಾ, ಅಂಗಡಿಯಿಂದ ಬಿಡಿಸಿ ನಂಗೆ ಕೊಡಿ, ಕಾಗದ ಹೆಂಗೂ ಬರುತ್ತೆ” ಎಂದು ಒಂದು ದಿನ ಕೇಳಿಯೂ ಕೇಳಿದ. ಆ ನಡುವಿನ ದಿನಗಳಲ್ಲಿ ಅದರಿಂದ ಒಂದು ಈಡು ಹಾರಿ ಯಾರಿಗಾದರೂ ತಾಗಿದ್ದರೆ? ದಫ್ತರಿನಲ್ಲಿ ಅದಿನ್ನೂ ಅಪ್ಪನ ಕೋವಿ, ಕೊಟ್ಟವನು ನಾನು. ಕಾನೂನು ಮೀರಿ ಕೋವಿ ಮಾರಿದರೆ 2019ರ ತಿದ್ದುಪಡಿಯ ಪ್ರಕಾರ ಕಡಿಮೆಯೆಂದರೆ 7 ವರ್ಷ, ಜಾಸ್ತಿಯೆಂದರೆ ಜೀವಾವಧಿ. ಅಷ್ಟು ಹೇಳಿದ ಮೇಲೆ ಹುಡುಗ ಪಟಾಕಿ ತಂದು ಹಂದಿ ಓಡಿಸಿದ.

ರೇಟಿನ ವಿಷಯ ಬೇಗ ಹೇಳಿಬಿಡುತ್ತೇನೆ. ಸರ್ಕಾರಿ ಕಾರ್ಖಾನೆಯಾದ ಇಂಡಿಯನ್ ಆರ್ಡ್ನನ್ಸ್ ಫ್ಯಾಕ್ಟರಿಯ ಒಂಟಿ ನಳಿಗೆಗೆ ಅಂಥ ಬೆಲೆಯೇನೂ ಬರುವುದಿಲ್ಲ. ಹಳೇ ವಿಲಾಯತಿ ಜೋಡಿ ನಳಿಗೆಗಳಿಗೆ ಬೇಡಿಕೆ ಬೇರೆ. ಆದರೆ ಅಂಥದ್ದನ್ನು ಮಾರುವಾಗ ಒಂದು ಸತ್ಯ ಹೇಳಿ ಮಾರಿ. ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ ಇರಬಹುದು. ಕಬ್ಬಿಣದ ಪಟ್ಟಿ ಸುತ್ತಿ ಬೆಸೆದು ಮಾಡಿದ್ದು, ಕರಿ ಮದ್ದಿನ ಕಾಲದ್ದು. ಈಗಿನ ತೋಟೆ ಹಾಕಿದರೆ ನಳಿಗೆ ಸೀಳಿ ಎಡಗೈ ಹೋಗಬಹುದು. ಗೋಡೆಗೆ ಚೆಂದ, ಹೆಗಲಿಗಲ್ಲ.

45 ದಿನ ಕಳೆದು ಕಚೇರಿಯ ಅನುಮತಿ ಪತ್ರ ಬಂದ ದಿನ ನಾನೂ ಆ ಹುಡುಗನೂ ಅಂಗಡಿಗೆ ಹೋದೆವು. ಅಂಗಡಿಯವರು ಕೋವಿ ಮಡಚಿ, ಖಾಲಿ ಅಂತ ತೋರಿಸಿ, ನಂಬರನ್ನು ಗಟ್ಟಿಯಾಗಿ ಓದಿದರು. ನಾನು ರಸೀದಿಯಲ್ಲಿ, ಅವನು ಅನುಮತಿ ಪತ್ರದಲ್ಲಿ ಬೆರಳಿಟ್ಟು ತಾಳೆ ನೋಡಿದೆವು. ದುಡ್ಡು ಬ್ಯಾಂಕಿನ ಮೂಲಕವೇ ಬಂತು. ಒಳ್ಳೇ ತೋಟೆಗಳು ಕೋವಿಯ ಜೊತೆಗೇ ಲೆಕ್ಕಕ್ಕೆ ಹತ್ತಿ ಅವನಿಗೆ ಹೋದವು. ಹಸಿರುಗಟ್ಟಿದ್ದನ್ನು ಅಂಗಡಿಯವರೇ ಇಟ್ಟುಕೊಂಡರು. ಹಳೇ ತೋಟೆಯನ್ನು ಬಾವಿಗೆ ಎಸೆಯುವವರು, ಒಲೆಗೆ ಹಾಕುವವರು ಇದ್ದಾರೆ. ದಯವಿಟ್ಟು ಬೇಡ. ಕೋವಿಯನ್ನು ಬಿಚ್ಚಿ, ನಳಿಗೆ ಬೇರೆ ಹಿಡಿ ಬೇರೆ ಮಾಡಿ ಚೀಲದಲ್ಲಿ ಇಟ್ಟರು. ತೋಟೆ ಇನ್ನೊಂದು ಚೀಲದಲ್ಲಿ. ಅಪ್ಪನ ಲೈಸೆನ್ಸ್ ಪುಸ್ತಕವನ್ನು ಕಚೇರಿಗೆ ಒಪ್ಪಿಸಿ ಅದಕ್ಕೂ ಒಂದು ಸ್ವೀಕೃತಿ ಪಡೆದೆ. ಅವನ ಪುಸ್ತಕದಲ್ಲಿ ಕೋವಿಯ ನಂಬರು ಏರಿದ್ದನ್ನು ನೋಡಿ ಅದರ ಜೆರಾಕ್ಸನ್ನೂ ಇಟ್ಟುಕೊಂಡೆ. ಅದು ಈಗ ಪಹಣಿ, ಕಂದಾಯದ ರಸೀದಿಗಳ ಜೊತೆ ಟ್ರಂಕಿನಲ್ಲಿದೆ.

ವಾರ ಕಳೆದ ಮೇಲೆ ಹುಡುಗ ಫೋನ್ ಮಾಡಿದ. ದನಿಯಲ್ಲಿ ಏನೋ ಗಾಬರಿ. “ಅಣ್ಣಾ, ಕೋವಿ ಒರೆಸೋ ಗಜ ನಿಮ್ಮನೇಲೇ ಉಳ್ದಿದೆ ಅನ್ಸುತ್ತೆ. ಅದಕ್ಕೂ ಅರ್ಜಿ ಕೊಡ್ಬೇಕಾ? ಅದಕ್ಕೂ 45 ದಿನಾನಾ?” ಅಟ್ಟ ಹತ್ತಿ ನೋಡಿದೆ. ಛತ್ರಿಗಳ ಮಧ್ಯೆ ನಿಂತಿತ್ತು.

“ಗಜಕ್ಕೆ ಲೈಸೆನ್ಸ್ ಬೇಡ ಮಾರಾಯಾ, ಸಂಜೆ ಬಾ. ಬರುವಾಗ ಎರಡು ಹಲಸಿನಕಾಯಿ ತಗೊಂಡು ಬಾ” ಅಂದೆ.

ನಮಸ್ಕಾರ.