ಇಡ್ಲಿ ಹಿಟ್ಟಿನ ವ್ಯಾಪಾರ: ಕೈ ಕಚ್ಚುವುದು ಎಲ್ಲಿ?

[ದೃಶ್ಯ: ಅಂಗಡಿ ಫ್ರಿಜ್‌ನಲ್ಲಿ ಬಲೂನಿನಂತೆ ಉಬ್ಬಿದ ಹಿಟ್ಟಿನ ಪ್ಯಾಕೆಟ್]

ನಮಸ್ಕಾರ. ಈ ಪ್ಯಾಕೆಟ್ ನಿನ್ನೆ ಸಂಜೆ ಅಂಗಡಿಗೆ ಹೋಗಿತ್ತು, ಇವತ್ತು ವಾಪಸ್ ಬಂದಿದೆ. ಮನೆಯಲ್ಲಿ ಹಿಟ್ಟು ರುಬ್ಬಿ ಮಾರುವವರನ್ನು ಸುಸ್ತು ಮಾಡುವುದು ದುಡಿಮೆಯಲ್ಲ, ಹೀಗೆ ವಾಪಸ್ ಬರುವ ಮಾಲು.

[ತೆರೆಯ ಮೇಲೆ ಲೆಕ್ಕ]

1 ಕೆಜಿ ಉದ್ದು, 3.5 ಕೆಜಿ ಇಡ್ಲಿ ಅಕ್ಕಿ ರುಬ್ಬಿದರೆ ಸುಮಾರು 9ರಿಂದ 10 ಕೆಜಿ ಹಿಟ್ಟು. ಕವರ್, ಕರೆಂಟು, ಪೆಟ್ರೋಲು ಸೇರಿ ಕೆಜಿಗೆ 41 ರೂಪಾಯಿ ಬೀಳುತ್ತದೆ ಅಂದುಕೊಳ್ಳಿ. ಎಂಆರ್‌ಪಿ 80, ಅಂಗಡಿಯವರ ಕಮಿಷನ್ 12, ನಿಮ್ಮ ಕೈಗೆ 68. ದಿನಕ್ಕೆ 50 ಕೆಜಿ ಪೂರ್ತಿ ಖರ್ಚಾದರೆ ಉಳಿಯುವುದು 1,350. ಅದರಲ್ಲಿ 10 ಕೆಜಿ ವಾಪಸ್ ಬಂದರೆ? 670. ಐದರಲ್ಲಿ ಒಂದು ಪಾಲು ಮಾಲು ಬಂದರೆ ಲಾಭ ಅರ್ಧಕ್ಕರ್ಧ ಹೋಯಿತು.

ಹಾಗಾದರೆ ಉಬ್ಬುವುದೇಕೆ? ಹಿಟ್ಟಿನಲ್ಲಿರುವ ಬ್ಯಾಕ್ಟೀರಿಯಾ ಬಿಡುವ ಗಾಳಿಯಿಂದ. ಫ್ರಿಜ್ ಅದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಮನೆಗೆ ಬೇಕಾದಷ್ಟು ಪೂರ್ತಿ ಹುಳಿ ಬರಿಸಿ ಪ್ಯಾಕ್ ಮಾಡಿದರೆ ಕೆಟ್ಟಿತೆಂದೇ ಲೆಕ್ಕ. ಸ್ವಲ್ಪ ಮೇಲೇಳಲು ಶುರುವಾದ ಕೂಡಲೇ ತಣ್ಣಗೆ ಮಾಡಿ, ಕವರಿನಲ್ಲಿ ಜಾಗ ಬಿಟ್ಟು ತುಂಬಿ. ಬೇಸಿಗೆಗೂ ಡಿಸೆಂಬರಿನ ಚಳಿಗೂ ಒಂದೇ ಟೈಮ್ ಇಟ್ಟುಕೊಳ್ಳಬೇಡಿ. ಹಳೇ ಉದ್ದು ಒದಗುವುದಿಲ್ಲ. ಹೊಸ ಮೂಟೆ ಬಂದಾಗ ಮೊದಲು ಅರ್ಧ ಕೆಜಿ ರುಬ್ಬಿ ನೋಡಿ. ರುಬ್ಬುವಾಗ ಕೈಗೆ ಬಿಸಿ ತಗುಲಿದರೆ ತಣ್ಣೀರು ಹಾಕಿ.

ಎಷ್ಟು ಜಾಗ್ರತೆ ಮಾಡಿದರೂ ಒಂದು ಅಂಗಡಿಯಿಂದ ಮಾತ್ರ ಉಬ್ಬಿದ ಮಾಲು ಬರುತ್ತಲೇ ಇದ್ದರೆ, ರಾತ್ರಿ ಬಾಗಿಲು ಹಾಕುವಾಗ ಫ್ರಿಜ್ ಆಫ್ ಮಾಡುತ್ತಾರಾ ಕೇಳಿ. ಬಹಳ ಕಡೆ ಮಾಡುತ್ತಾರೆ, ಕರೆಂಟ್ ಬಿಲ್ ಉಳಿಸಲು. ಅಂಥ ಕಡೆ ಸಂಜೆಗೆ ಖಾಲಿಯಾಗುವಷ್ಟೇ ಹಾಕಿ.

[ದೃಶ್ಯ: ನೋಟ್‌ಬುಕ್, ಅಂಗಡಿ, ಹಾಕಿದ್ದು, ವಾಪಸ್, ಬಾಕಿ]

ಮೊದಲ ತಿಂಗಳು ಐದೇ ಅಂಗಡಿ, ತಲಾ ಆರು ಪ್ಯಾಕೆಟ್ ಸಾಕು. ಹಿಟ್ಟು ಹೆಚ್ಚಾಗಿ ಖರ್ಚಾಗುವುದು ಸಂಜೆ, ಮರುದಿನದ ತಿಂಡಿಗೆ. ಆದ್ದರಿಂದ ನಾಲ್ಕೂವರೆಯೊಳಗೆ ಮಾಲು ಅಂಗಡಿಯಲ್ಲಿರಲಿ, ಪ್ರತಿದಿನವೂ. ಮದುವೆ, ಜಾತ್ರೆ ಅಂತ ನಾಲ್ಕು ದಿನ ತಪ್ಪಿಸಿದರೆ ಫ್ರಿಜ್‌ನಲ್ಲಿ ನಿಮ್ಮ ಜಾಗಕ್ಕೆ ಮೊಸರಿನ ಪ್ಯಾಕೆಟ್ ಬಂದು ಕೂರುತ್ತದೆ. ಆ ಜಾಗ ಮತ್ತೆ ಸಿಗುವುದು ಕಷ್ಟ. ಗ್ರೈಂಡರ್ ರಿಪೇರಿಗೆ ಬಂದರೆ ಬಾಡಿಗೆಗೆ ಯಾರು ಕೊಡುತ್ತಾರೆ ಎಂದು ಮೊದಲೇ ವಿಚಾರಿಸಿಡಿ.

ವ್ಯಾಪಾರ ಡಲ್ ಆದಾಗ ಕೈ ಹೋಗುವುದು ರೇಟ್ ಇಳಿಸುವ ಕಡೆಗೆ, ಇಲ್ಲವೇ ಇನ್ನೂ ಹತ್ತು ಅಂಗಡಿ ಹಿಡಿಯುವ ಕಡೆಗೆ. ನಮ್ಮ ಪ್ರಕಾರ ಎರಡೂ ಬೇಡ. ವಾಪಸ್ ನೂರಕ್ಕೆ ಐದರೊಳಗೆ ಬರುವವರೆಗೆ ಆರನೇ ಅಂಗಡಿಯ ಮೆಟ್ಟಿಲು ಹತ್ತಬೇಡಿ.

2005ರಲ್ಲಿ ಬೆಂಗಳೂರಿನಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಕಸಿನ್‌ಗಳು ಇಡ್ಲಿ-ದೋಸೆ ಹಿಟ್ಟಿನ ಕಂಪನಿ ಐಡಿ ಫ್ರೆಶ್ ಶುರು ಮಾಡಿದ್ದು 50 ಚದರ ಅಡಿ ಜಾಗದಲ್ಲಿ. ದಿನಕ್ಕೆ ನೂರು ಪ್ಯಾಕೆಟ್ ಮುಟ್ಟಲು ಅವರಿಗೇ ತಿಂಗಳುಗಟ್ಟಲೆ ಹಿಡಿಯಿತು.

ಹಾಗಂತ ಕುರುಡಾಗಿ ಹಟ ಹಿಡಿಯಬೇಕಿಲ್ಲ. ಮೂರು ತಿಂಗಳಾದರೂ ಒಂದು ಅಂಗಡಿಯಲ್ಲಿ ವಾಪಸ್ ಇಳಿಯದಿದ್ದರೆ ಆ ಅಂಗಡಿ ಬಿಡಿ, ವ್ಯಾಪಾರ ಬಿಡಬೇಡಿ. ಉದ್ರಿ ವಾರ ದಾಟಿದರೆ ಹೊಸ ಮಾಲು ಹಾಕುವ ಮುಂಚೆ ಹಳೇ ಬಾಕಿ ಕೇಳಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವ ಅಂಗಡಿಯಿಂದ ದುಡ್ಡು ಹೇಗೂ ಬರುತ್ತಿರಲಿಲ್ಲ.

ಪ್ಯಾಕೆಟ್ ಮೇಲೆ ಹಾಕಬೇಕಾದ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್, ತೂಕ, ತಾರೀಖು, ವಿಳಾಸ, ಇವೆಲ್ಲ ಮುಂದಿನ ವಿಡಿಯೋದಲ್ಲಿ.