ಹೆಸರು ಹೇಳದೆ ಒಳಗೆ ಬಂದವರು

ಕೇಳುಗರಿಗೆ ನಮಸ್ಕಾರ.

ಎಟಿಎಂನಲ್ಲಿ ಹಣ ತೆಗೆಯುತ್ತೀರಿ. ಆ ಲೆಕ್ಕ ಬರೆದುಕೊಳ್ಳುವ ಯಂತ್ರ ಎಷ್ಟೋ ಸಲ ಒಂದು ಮೇನ್‌ಫ್ರೇಮ್, ಅಂದರೆ ದೊಡ್ಡ ಸಂಸ್ಥೆಗಳ ಭಾರೀ ಕಂಪ್ಯೂಟರ್ ಆಗಿರುತ್ತದೆ. ಅದರಲ್ಲಿ ಇಂಥ ವಹಿವಾಟು ನಡೆಸುವ ತಂತ್ರಾಂಶಗಳ ಪೈಕಿ ಹೆಸರಾದದ್ದು ಐಬಿಎಂನ ಸಿಐಸಿಎಸ್. 1969ರಲ್ಲಿ ಬಂದದ್ದು. ನಾವು ಕೆಲಸದವರು ಅದನ್ನು 'ಕಿಕ್ಸ್' ಅಂತೀವಿ.

ಯಾರಿಗೆ ಏನು ಹಕ್ಕಿದೆ ಅನ್ನುವ ಪಟ್ಟಿ ಕಿಕ್ಸ್ ಹತ್ತಿರ ಇರುವುದಿಲ್ಲ. ಅದನ್ನು ರ‍್ಯಾಕ್‌ಎಫ್‌ನಂಥ ಕಾವಲು ತಂತ್ರಾಂಶ ಇಟ್ಟುಕೊಂಡಿರುತ್ತದೆ. ಹೆಸರು ಒತ್ತಿ ಕಿಕ್ಸ್‌ನಲ್ಲಿ ಓಡಿಸುವ ಒಂದೊಂದು ಕೆಲಸಕ್ಕೂ ಟ್ರಾನ್ಸಾಕ್ಷನ್ ಅಂತೀವಿ. "ಇವರು ಈ ಟ್ರಾನ್ಸಾಕ್ಷನ್ ಓಡಿಸಬಹುದಾ?" ಅಂತ ಕಿಕ್ಸ್ ಕೇಳುತ್ತದೆ, ಅದು ಉತ್ತರ ಕೊಡುತ್ತದೆ. ಆದರೆ ಕೇಳು ಅಂತ ನಾವು ಹೇಳಿರಬೇಕು. ಕಿಕ್ಸ್ ಶುರುವಾಗುವಾಗ ಓದುವ ಸೆಟ್ಟಿಂಗ್‌ಗಳಲ್ಲಿ ಸೆಕ್ಯುರಿಟಿಗೆ 'ನೋ' ಅಂತ ಬರೆದಿದ್ದರೆ ಮುಗಿಯಿತು, ಉಳಿದದ್ದೆಲ್ಲ ಸುಮ್ನೆ.

ಸರಿ, 'ಯೆಸ್' ಅಂತಲೇ ಬರೆದಿದ್ದೀರಿ. ನಾನು ಒಮ್ಮೆ ನೋಡಿದ ಕಡೆಯೂ ಹಾಗೇ ಬರೆದಿದ್ದರು. ಟರ್ಮಿನಲ್ ತೆರೆದೆ, ಖಾಲಿ ಪರದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಸೈನ್ ಆನ್ ಮಾಡಲಿಲ್ಲ. ಎಡ ಮೂಲೆಯಲ್ಲಿ ನಾಲ್ಕೇ ಅಕ್ಷರ ಒತ್ತಿದೆ: ಸಿಇಎಂಟಿ. ಎಂಟರ್. ಬಂದೇ ಬಿಟ್ಟಿತು! ಇಡೀ ಕಿಕ್ಸನ್ನೇ ನಿಲ್ಲಿಸಬಲ್ಲ ಟ್ರಾನ್ಸಾಕ್ಷನ್ ಅದು. ಕೈ ತಾನಾಗಿ ಕೀಬೋರ್ಡಿನಿಂದ ಹಿಂದೆ ಬಂತು.

ಆದದ್ದು ಇಷ್ಟು. ಸೈನ್ ಆನ್ ಮಾಡದೆ ಬಂದವರಿಗೆಲ್ಲ ಕಿಕ್ಸ್ ಒಂದೇ ಹೆಸರು ಹಚ್ಚುತ್ತದೆ, ಡಿಫಾಲ್ಟ್ ಯೂಸರ್ ಅಂತ. ಈತನಿಗೆ ಸೈನ್ ಆನ್ ಮಾಡುವಷ್ಟು ಹಕ್ಕಿದ್ದರೆ ಸಾಕು. ಆದರೆ ಎಂದೋ ಒಂದು ರಾತ್ರಿ ಏನೋ ಓಡಲಿಲ್ಲ, ಯಾರೋ ಅವಸರದಲ್ಲಿ ಈತನಿಗೇ ಹಕ್ಕು ಕೊಟ್ಟರು. ಕೆಲಸ ಓಡಿತು. ವಾಪಸ್ ತೆಗೆಯುವುದು ಯಾರಿಗೆ ನೆನಪಿರುತ್ತೆ?

ನನಗೆ ಸಿಇಎಂಟಿಗಿಂತ ಜಾಸ್ತಿ ಭಯ ಸಿಇಸಿಐ ಬಗ್ಗೆ. ಕಿಕ್ಸ್ ಆಜ್ಞೆಗಳನ್ನು ಪರದೆಯಿಂದಲೇ ನೇರವಾಗಿ ಓಡಿಸುವ ಟ್ರಾನ್ಸಾಕ್ಷನ್ ಅದು. ಕೈಯಲ್ಲಿದ್ದರೆ ಪ್ರೋಗ್ರಾಂ ಬರೆಯುವ ಕಷ್ಟವೇ ಬೇಡ. ಫೈಲಿನ ಹೆಸರು ಕೊಟ್ಟು ಕೂತಲ್ಲೇ ದಾಖಲೆ ಓದಬಹುದು, ತಿದ್ದಲೂಬಹುದು.

ಫೈಲಿಗೆ ಬೇರೆ ಬೀಗ ಇದೆಯಲ್ವಾ ಅಂತ ಕೇಳಬಹುದು. ಇದೆ. ಆದರೆ ಅದಕ್ಕೆ ಎರಡು ಕಡೆ ಕೀಲಿ ತಿರುಗಿಸಬೇಕು. ಶುರುವಿನ ಸೆಟ್ಟಿಂಗ್‌ನಲ್ಲಿ ಫೈಲಿನ ಪರೀಕ್ಷೆ ಬೇಕು ಅಂದರೆ ಸಾಲದು, ಫೈಲು ಮುಟ್ಟುವ ಟ್ರಾನ್ಸಾಕ್ಷನ್ನಿನ ವಿವರಣೆಯಲ್ಲಿ ರೆಸ್‌ಸೆಕ್, ಅಂದರೆ ರಿಸೋರ್ಸ್ ಸೆಕ್ಯುರಿಟಿ, ಅನ್ನುವುದಕ್ಕೂ 'ಯೆಸ್' ಇರಬೇಕು. ಬಿಟ್ಟರೆ ಅದು 'ನೋ' ಅಂತಲೇ ಉಳಿಯುತ್ತದೆ. ಇಲ್ಲಿ ಎಡವಿದವರಲ್ಲಿ ನಾನೂ ಒಬ್ಬ.

ಹಾಗಂತ ಎಲ್ಲವನ್ನೂ ಒಂದೇ ಏಟಿಗೆ ಮುಚ್ಚಬೇಡಿ, ಬೆಳಗ್ಗೆ ಫೋನ್ ನಿಲ್ಲುವುದಿಲ್ಲ. ರ‍್ಯಾಕ್‌ಎಫ್‌ನಲ್ಲಿ ವಾರ್ನಿಂಗ್ ಅಂತ ಒಂದು ಸ್ಥಿತಿ ಇದೆ. ಹಕ್ಕಿಲ್ಲದವರನ್ನೂ ಒಳಗೆ ಬಿಡುತ್ತದೆ, ಆದರೆ ಐಸಿಎಚ್408ಐ ಅನ್ನುವ ಸಂದೇಶ ಬರೆದಿಡುತ್ತದೆ. ತಿಂಗಳ ಕೊನೆಯ ಲೆಕ್ಕದ ಕೆಲಸವೂ ಒಂದು ಸುತ್ತು ಮುಗಿಯಲಿ. ಸಂದೇಶ ಓದಿ, ನಿಜವಾಗಿ ಬೇಕಾದವರಿಗೆ ಹಕ್ಕು ಕೊಟ್ಟು, ಆಮೇಲೆ ವಾರ್ನಿಂಗ್ ತೆಗೆಯಿರಿ. ಮರೆತರೆ ಬಾಗಿಲು ತೆರೆದೇ ಇದ್ದ ಹಾಗೆ.

ಆವತ್ತು ಡಿಫಾಲ್ಟ್ ಯೂಸರ್ ಹಕ್ಕು ತೆಗೆದ ಮೇಲೆ ಮತ್ತೆ ಸಿಇಎಂಟಿ ಒತ್ತಿದೆ. ಮತ್ತೆ ಬಂತು! ನಿಯಮಗಳ ಹಳೇ ಪ್ರತಿ ಇನ್ನೂ ಮೆಮೊರಿಯಲ್ಲೇ ಇತ್ತು. ಹೊಸ ಪ್ರತಿ ತರಿಸುವ ರಿಫ್ರೆಶ್ ಕೊಟ್ಟು ಮೂರನೇ ಸಲ ಒತ್ತಿದಾಗ, ನಿಮಗೆ ಅನುಮತಿ ಇಲ್ಲ ಅನ್ನುವ ಸಾಲು ಕಾಣಿಸಿತು.

ನಮಸ್ಕಾರ.